ಮುಂದಿನ ಸೀಟಿನ ಮಾಲಕ

ಮೊರಬದ ಮಡಿವಾಳೆಪ್ಪನ ಐವತ್ತು ವರ್ಷದ ಬಾಳು ಇನ್ನೊಬ್ಬರ ಬೆನ್ನು ನೋಡುವುದರಲ್ಲೇ ಕಳೆಯಿತು. ಚಕ್ಕಡಿಯಲ್ಲಿ ಅಪ್ಪನ ಬೆನ್ನು, ಟ್ರ್ಯಾಕ್ಟರಿನಲ್ಲಿ ಅಣ್ಣನ ಬೆನ್ನು. ಹೋಗಲಿ, ಮದುವೆಯ ದಿನವಾದರೂ? ಜೀಪಿನ ಮುಂದಿನ ಸೀಟನ್ನು ಸೋದರಮಾವ ರುಮಾಲು ಸುತ್ತಿಕೊಂಡು ಆಕ್ರಮಿಸಿಬಿಟ್ಟ. ಮದುಮಗ ಬಾಸಿಂಗ ಕಟ್ಟಿಕೊಂಡು ಹಿಂದೆ ಪಾತ್ರೆ ಪಗಡಗಳ ನಡುವೆ ಕೂತು ಊರು ಸೇರಿದ. ಆಗ ಕೊಪ್ಪರಿಗೆಯ ಕಿವಿ ಬಡಿದ ನೋವು ಇನ್ನೂ ಇದೆ. (ಮೊಣಕಾಲಿನಲ್ಲೋ ಮನಸ್ಸಿನಲ್ಲೋ, ಯಾವ ಡಾಕ್ಟರಿಗೂ ಗೊತ್ತಾಗಿಲ್ಲ.)

ಆದ್ದರಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಲು ಸ್ವಂತ ಪಿಕಪ್ ಗಾಡಿ ತರುವುದೆಂದು ಮನೆಯಲ್ಲಿ ಠರಾವಾದಾಗ ಅವನು ಒಳಗೊಳಗೇ ಒಂದು ಪ್ರತಿಜ್ಞೆ ಮಾಡಿದ. ಗಾಡಿ ಹೊಡೆಯುವವನು ಹೆಂಡತಿಯ ತಮ್ಮ ಯಲ್ಲೇಶ. ಅವನ ಬಾಜು, ಕಿಟಕಿಯ ಪಕ್ಕ, ತಂಪಾದ ಎಸಿಯಲ್ಲಿ, ಮೊಣಕೈ ಹೊರಗೆ ಚಾಚಿ ಕೂರುವವನು ಮಾಲಕ ಮಡಿವಾಳೆಪ್ಪ. (ಎಸಿ ಹಾಕಿದರೆ ಗಾಜು ಏರಿಸಬೇಕು ಎಂಬುದು ಅವನಿಗೆ ಆಮೇಲೆ ತಿಳಿದ ವಿಷಯ.)

ಹುಬ್ಬಳ್ಳಿಯ ಶೋರೂಮಿನಲ್ಲಿ ಸುಧಾರಾಣಿ ಎಂಬ ಹುಡುಗಿ ನಗುನಗುತ್ತ ಕೇಳಿದಳು. "ಬೇಸ್ ಮಾಡೆಲ್ ಬೇಕೇನ್ರಿ, ಟಾಪ್ ಮಾಡೆಲ್ ಬೇಕೇನ್ರಿ? ಟಾಪ್‌ನ್ಯಾಗ ಎಸಿ ಬರತೈತ್ರಿ, ಮೆತ್ತನ್ನ ಸೀಟು ಬರತಾವ್ರಿ."

"ಎಸಿ ಯಾರಿಗ್ರಿ?" ಎಂದಳು ಹೆಂಡತಿ ಗುರವ್ವ. "ಉಳ್ಳಾಗಡ್ಡಿ ಚೀಲ ಮುಂದ ಕುಂದ್ರತಾವೇನು? ಆ ರೊಕ್ಕದಾಗ ಹಿಂದಿನ ಬಾಡಿ ಉದ್ದಂದು ತಗೋರಿ. ಮ್ಯಾಲ ತಾಡಪತ್ರಿ ಹೊಚ್ಚಾಕ ಕಮಾನು ಹಾಕಸ್ರಿ."

"ನೀ ಸುಮ್ನಿರು ಬೇ. ಗಾಡಿ ಅಂದ್ರ ಮುಂದಿನ ಮಾರಿ. ಹಿಂದಿಂದು ಯಾರು ನೋಡತಾರ?"

"ಹಿಂದ ಕುಂತಾವ್ರು ನೋಡತಾರ."

"ಕುಂದರ್ಲಿ! ನಾವು ಕುಂತಿಲ್ಲೇನು? ಯಾರರೆ ನಮಗ ಕಮಾನು ಕಟ್ಟಿದ್ರೇನು?"

ಈ ಮಾತು ಎಷ್ಟು ಜೋರಾಗಿ ಬಂತೆಂದರೆ, ಪಕ್ಕದಲ್ಲಿ ಕಾರು ನೋಡುತ್ತಿದ್ದವರು ತಿರುಗಿ ನೋಡಿದರು. ಗುರವ್ವ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಆ ಬಾಯಿಗೆ ಮಡಿವಾಳೆಪ್ಪ ಹೆದರುತ್ತಿದ್ದುದೇ ಹೆಚ್ಚು, ಆದರೆ ಅಂದು ಧೈರ್ಯ ಬಂದಿತ್ತು. ಹಿಂದಿನ ಗಾಲಿಗಳ ಮೇಲೆ ಭಾರ ಹೊರುವ ಸ್ಪ್ರಿಂಗಿನ ಪಾಟಾ ಯಾವವು ಎಂದು ಹುಡುಗಿ ಕೇಳಿದಾಗ ಎಲ್ಲಕ್ಕಿಂತ ದಪ್ಪನೆಯವನ್ನೇ ಹಾಕಲು ಹೇಳಿದ. ಖಾಲಿ ಇದ್ದಾಗ ಗಾಡಿ ಬಹಳ ಜಿಗಿಯುತ್ತದೆ ಎಂದು ಯಲ್ಲೇಶ ಕಿವಿಯಲ್ಲಿ ಉಸುರಿದ. "ಜಿಗದ್ರ ಹಿಂದ ಜಿಗೀತತಿ, ಮುಂದ ನಮಗೇನಲೇ?" ಎಂದು, ಶೋರೂಮಿನ ಗಾಡಿಯ ಮುಂದಿನ ಸೀಟಿನಲ್ಲಿ ಸಿಂಹಾಸನಾರೂಢನಾಗಿಯೇ ಉತ್ತರ ಕೊಟ್ಟ. ಆ ಸೀಟಿನಿಂದ ಅವನನ್ನು ಇಳಿಸಲು ಸುಧಾರಾಣಿ ಚಹಾ ತರಿಸಬೇಕಾಯಿತು.

ಗಾಡಿ ಮನೆಗೆ ಬಂದ ವಾರದಲ್ಲೇ ಬಸುರಿ ಮಗಳು ದಾನೇಶ್ವರಿಯ ಸೀಮಂತದ ಕುಬಸ. ಬುತ್ತಿ ತೆಗೆದುಕೊಂಡು ದುಮ್ಮವಾಡದ ಬೀಗರ ಮನೆಗೆ ಹೋಗಿ, ಕುಬಸ ಮುಗಿಸಿ, ಮಗಳನ್ನು ತವರಿಗೆ ಕರೆತರಬೇಕು. ಮಡಿವಾಳೆಪ್ಪ ಇಸ್ತ್ರಿ ಧೋತರ ಉಟ್ಟು ಹೊರಗೆ ಬಂದು ನೋಡುತ್ತಾನೆ, ಕಿಟಕಿಯ ಪಕ್ಕ ಅತ್ತೆ ಶಿವಗಂಗವ್ವ ಪದ್ಮಾಸನ ಹಾಕಿ ಕೂತುಬಿಟ್ಟಿದ್ದಾಳೆ! ನಡುವೆ ರೇಷ್ಮೆ ಸೀರೆಯ ಗುರವ್ವ.

"ಅವ್ವಗ ಮಂಡಿ ನೋವ್ರಿ," ಎಂದಳು ಗುರವ್ವ. "ನೀವು ಹಿಂದ ಕುಂದರ್ರಿ. ಬುತ್ತಿ ಹಿಡಕೊಳ್ಳಾಕ ಮನಿಯವ್ರ ಒಬ್ಬರು ಬೇಕಲ್ಲ. ಒಂದ ಒಂದು ಕರ್ಚೀಕಾಯಿ ಒಡದ್ರೂ ಬೀಗರ ಮುಂದ ನನ್ನ ಮಾನ ಹೊಕ್ಕತಿ, ನೋಡ್ರಿ ಮತ್ತ."

ಹಿರಿಯ ಹೆಂಗಸನ್ನು ಇಳಿಸಿ ತಾನು ಕೂತರೆ ಊರು ನಗುತ್ತದೆ. ಮಡಿವಾಳೆಪ್ಪ ಹಲ್ಲು ಕಚ್ಚಿ ಹಿಂದೆ ಹತ್ತಿದ. ಕಾಲು ಚಾಚಲು ಜಾಗವಿಲ್ಲ. ತಲೆಯ ಮೇಲೆ ನೆರಳಿಲ್ಲ. ತೊಡೆಯ ಮೇಲೆ ಬುತ್ತಿ. ದಪ್ಪ ಪಾಟಾದ ಖಾಲಿ ಗಾಡಿ ಪ್ರತಿ ತಗ್ಗಿಗೂ ಅವನನ್ನು ಆಕಾಶಕ್ಕೆಸೆದು ಮತ್ತೆ ಹಿಡಿಯುತ್ತಿತ್ತು. ಅವನು ಕರ್ಚೀಕಾಯಿಗಳನ್ನು ಕೂಸಿನಂತೆ ಎದೆಗವಚಿಕೊಂಡು, ಟಾಪ್ ಮಾಡೆಲ್ ಕಂಡುಹಿಡಿದವನ ವಂಶಾವಳಿಯನ್ನೆಲ್ಲ ಬೈಯುತ್ತ ಹೋದ. ಹಿಂದಿನ ಗಾಜಿನೊಳಗೆ ಅತ್ತೆಗೆ ಸುಖನಿದ್ರೆ. ಅವಳ ಬೆನ್ನೂ ಚೆನ್ನಾಗಿ ಕಾಣುತ್ತಿತ್ತು.

ದುಮ್ಮವಾಡದಲ್ಲಿ ಬೀಗರು ಕಾಲಿಗೆ ನೀರು ಕೊಟ್ಟು, ಮುಂದಿನವರನ್ನು ಒಳಗೆ ಕರೆದೊಯ್ದರು. ಧೂಳಿನಲ್ಲಿ ಹೂತುಹೋಗಿದ್ದ ಮಡಿವಾಳೆಪ್ಪನನ್ನು ಮುದುಕನೊಬ್ಬ ಕರೆದ. "ಏ ತಮ್ಮಾ, ಆ ಬುತ್ತಿ ಒಳಗ ಕೊಟ್ಟು, ಹಿತ್ತಲದಾಗ ಆಳುಮಕ್ಳ ಪಂಕ್ತಿ ಐತಿ, ಉಂಡು ಹೋಗು."

ಅದನ್ನು ಕೇಳಿ ಓಡಿಬಂದವಳು ದಾನೇಶ್ವರಿ. ಸೆರಗಿನಿಂದ ಅಪ್ಪನ ಮುಖ ಒರೆಸಿದಳು. ಬೀಗರು ಕೈ ಕೈ ಹಿಸುಕಿಕೊಂಡರು. ಮಡಿವಾಳೆಪ್ಪ ನಕ್ಕ. ಆದರೆ ಊಟದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟ.

ಸಂಜೆ ಹೊರಡುವಾಗ ಕಿಟಕಿಯ ಪಕ್ಕ ದಾನೇಶ್ವರಿಗೆ ಜಾಗ, ನಡುವೆ ಅಜ್ಜಿ. ಈ ಸಲ ಗುರವ್ವನೇ ಸೀರೆ ಎತ್ತಿಕಟ್ಟಿ, ಗೊಣಗುತ್ತ ಹಿಂದೆ ಹತ್ತಿದಳು. ಮಗಳು ಮಾತ್ರ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು.

"ಅಪ್ಪಾ, ನೀ ಮುಂದ ಕುಂದ್ರು. ನಿನ್ನ ಗಾಡಿ ಇದು. ನಾ ಅವ್ವನ ಕೂಡ ಹಿಂದ ಬರ್ತೀನಿ."

ತೆರೆದ ಬಾಗಿಲಿನಿಂದ ತಂಪು ಗಾಳಿ ಮಡಿವಾಳೆಪ್ಪನ ಮುಖಕ್ಕೆ ಬಡಿಯಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವನಿಗೆ ಮುಂದೆ ಕೂರು ಎಂದಿದ್ದರು. ಅವನು ಮಗಳ ತುಂಬಿದ ಹೊಟ್ಟೆ ನೋಡಿದ, ಸೀಟು ನೋಡಿದ.

"ಏ ಹುಚ್ಚಿ, ಹತ್ತು ನೀ," ಎಂದ. "ಎಸಿ ನನಗ ಆಗಿ ಬರಂಗಿಲ್ಲ. ತಲಿ ಹಿಡೀತತಿ."

ಬೀಗರ ಓಣಿಯೆಲ್ಲ ಬೀಳ್ಕೊಡಲು ನಿಂತಿತ್ತು. ಅಷ್ಟೂ ಜನಕ್ಕೆ ಕೇಳುವಂತೆ ಗುರವ್ವ ಹಿಂದಿನಿಂದ ಕೂಗಿದಳು. "ಹಂಗಿದ್ರ ಅದನ್ನ ಯಾಕ ಹಾಕಿಸಿದ್ರಿ, ಹುಚ್ಚರಂಗ?"

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಮಡಿವಾಳೆಪ್ಪ ಧೋತರ ಎತ್ತಿಕಟ್ಟಿ ಹಿಂದೆ ಹತ್ತಿದ.