ಸ್ಟೆಪ್ನಿ ಹಾಕಿದ ದಿನ

ಪಂಕ್ಚರ್ ಆಗಲು ಆ ಟೈರಿಗೆ ಬೇರೆ ದಿನವೇ ಸಿಗಲಿಲ್ಲ. ಲಾಂಡ್ರಿಯವನ ಅಕ್ಕನಿಗೆ ಅಂದು ಮಧ್ಯಾಹ್ನ ಹೃದಯದ ಆಪರೇಷನ್. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಭಾವ ತೀರಿಕೊಂಡಾಗ ಇವನು ಹೋಗಿರಲಿಲ್ಲ. ಅಂಗಡಿ ಬಿಡಲಾರದೆ, ಗಾಡಿ ಕೆಟ್ಟಿತ್ತು ಎಂದು ಸುಳ್ಳು ಹೇಳಿದ್ದ. ಅಂದಿನಿಂದ ಅಕ್ಕ ಮಾತು ಬಿಟ್ಟಿದ್ದಳು. ಈಗ ಅವಳೇ ಹೇಳಿಕಳಿಸಿದ್ದಳು: ಒಳಗೆ ಹೋಗುವ ಮುಂಚೆ ನಿನ್ನ ಮುಖ ನೋಡಬೇಕು, ಈ ಸಲವೂ ಗಾಡಿ ಕೆಡ್ತು ಅನ್ನಬೇಡ.

ಗಾಡಿ ಕೆಟ್ಟೇ ಕೆಟ್ಟಿತು. ಬಸ್ಸಿಗೆ ಹೊರಟವನನ್ನು, ಚಿಟಿಕೆ ಹೊಡೆಯುವಷ್ಟರಲ್ಲಿ ಚಕ್ರ ಬದಲಾಯಿಸಬಹುದು ಎಂದು ತಡೆದವರು ಎದುರುಮನೆಯ ನಿವೃತ್ತ ಕಂಡಕ್ಟರ್. ಜೀವಮಾನವಿಡೀ ಸೀಟಿ ಊದಿದವರಿಗೆ ಚಕ್ರದ ವಿಷಯ ಗೊತ್ತಿರದೆ ಇರುತ್ತದೆಯೇ ಎಂದು ಇವನೂ ನಂಬಿದ.

ಅವರು ಮೊದಲು ಜ್ಯಾಕ್ ಏರಿಸಲು ಹೇಳಿದರು. ಗಾಳಿಯಲ್ಲಿ ನಿಂತ ಮುಂದಿನ ಚಕ್ರಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಚಕ್ರವೂ ಗರಗರ ತಿರುಗಿತು. ಪಕ್ಕದ ಮನೆಯ ಟ್ಯೂಷನ್ ಮೇಡಂ ಕಿಟಕಿಯಿಂದಲೇ, ಚಕ್ರ ನೆಲದ ಮೇಲಿರುವಾಗ ನಟ್ಟು ಸಡಿಲಿಸಿ ಆಮೇಲೆ ಎತ್ತಬೇಕು ಎಂದರು. ತಾನೂ ಅದನ್ನೇ ಹೇಳುವವನಿದ್ದೆ ಎಂದರು ಕಂಡಕ್ಟರ್. ಗಾಡಿ ಇಳಿಯಿತು, ಮತ್ತೆ ಏರಿತು, ಸ್ಟೆಪ್ನಿ ಕೂತಿತು. ನಟ್ಟಿನ ಚಪ್ಪಟೆ ಮುಖ ಒಳಗಿರಲಿ, ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅವರ ಅಪ್ಪಣೆ. ಇವನು ಪಕ್ಕಪಕ್ಕದ ನಟ್ಟುಗಳನ್ನೇ ಒಂದಾದ ಮೇಲೊಂದು ಬಲವೆಲ್ಲ ಹಾಕಿ ಬಿಗಿದ.

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಚಕ್ರ ಕುಡುಕನ ಹಾಗೆ ತೂರಾಡಿತು. ಇಳಿದು ಬೇರೆ ಚಕ್ರ ನೋಡಿದ. ಅಲ್ಲಿ ನಟ್ಟಿನ ಇಳಿಜಾರು ಮೂತಿ ತೂತಿನೊಳಗೆ ಇಳಿದು ಕೂತಿತ್ತು. ಎಲ್ಲವನ್ನೂ ಬಿಚ್ಚಿ, ಮೂತಿ ಒಳಗೆ ಮಾಡಿ, ಎದುರುಬದುರಿನ ನಟ್ಟುಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿದ. ಸದಾ ಕೊಕ್ಕರೆಯಂತೆ ಬೆಳ್ಳಗಿರುತ್ತಿದ್ದವನು ಬಾಣಲೆಯ ತಳದಂತಾಗಿದ್ದ.

ವಾರ್ಡಿಗೆ ನುಗ್ಗಿದಾಗ ಅಕ್ಕ ಕನ್ನಡಕ ತೆಗೆದಿಟ್ಟು ಒಬ್ಬಳೇ ಮಲಗಿದ್ದಳು. ಸೊರಗಿ ಹಿಡಿಯಷ್ಟಾಗಿದ್ದಳು. ಇವನು ಬಿಕ್ಕುತ್ತ ಮಸಿ ಕೈಯಿಂದಲೇ ಕಣ್ಣೊರೆಸಿಕೊಂಡ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಫ್ಯಾನ್ ರಿಪೇರಿಗೆ ಬಂದ್ಯೇನಪ್ಪ? ಆಮೇಲೆ ಮಾಡು. ನನ್ನ ತಮ್ಮ ಬರ್ತಾನೆ. ಅವನು ಬಂದ್ರೆ ಸಾಕು, ಹಳೇದೆಲ್ಲ ನಾನು ಮರ್ತುಬಿಟ್ಟಿದೀನಿ."

ಇವನು ಅವಳ ಕೈ ಹಿಡಿಯಲು ಹೋದ. ಅಷ್ಟರಲ್ಲಿ ನರ್ಸ್ ಬಂದು, ಈ ಕೈಯಲ್ಲಿ ಪೇಷಂಟನ್ನು ಮುಟ್ಟುವುದೇ ಎಂದು ಗದರಿ ಹೊರಗೆ ಕಳಿಸಿದಳು. ಇವನಿಗೂ ಅದೇ ಸರಿ ಎನ್ನಿಸಿತು. ಅಕ್ಕನ ಮುಂದೆ ತಮ್ಮನಾಗಿಯೇ ನಿಲ್ಲಬೇಕು. ಉಗುರಿನ ಸಂದಿಯ ಮಸಿಯನ್ನೂ ಬಿಡದೆ ತಿಕ್ಕಿ ತೊಳೆದ. ಗಾಡಿಯಲ್ಲಿದ್ದ ಗಿರಾಕಿಯೊಬ್ಬರ ಇಸ್ತ್ರಿ ಅಂಗಿ ತೊಟ್ಟು ಓಡಿಬಂದ.

ಸ್ಟ್ರೆಚರ್ ಬಂದಿತ್ತು. ಅಕ್ಕನ ಮಗಳು ಅವಳಿಗೆ ಕನ್ನಡಕ ಹಾಕಿದ್ದಳು.

"ಅಕ್ಕಾ, ದಾರೀಲಿ ಚಕ್ರ ಕೈಕೊಡ್ತು. ನಾನೇ ಬದಲಾಯಿಸ್ಕೊಂಡು ಬಂದೆ."

ಅಕ್ಕ ಅವನ ಕಾಲರು ನೋಡಿದಳು, ಬೆರಳು ನೋಡಿದಳು.

"ಅಂಗಿ ಸುಕ್ಕೂ ಆಗಿಲ್ಲ. ಇವತ್ತೂ ಗಾಡೀನೇ ಕೆಡ್ತೇನೋ?"

ಮುಖ ಆಚೆ ತಿರುಗಿಸಿಕೊಂಡಳು. ಸ್ಟ್ರೆಚರ್ ಹೊರಟಾಗ ಮಗಳಿಗೆ ಹೇಳಿದಳು: "ಆ ಫ್ಯಾನಿನವನಿಗೆ ಒಂದು ಲೋಟ ಕಾಫಿ ಕೊಡೇ. ಪಾಪ, ನನ್ನ ನೋಡಿ ಅವನ ಕಣ್ಣಲ್ಲಿ ನೀರು ಬಂತು."

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಕ್ಕನ ಮಗಳು ಕಾಫಿ ಹಿಡಿದು ಬಂದು, ಫ್ಯಾನಿನವನು ಎಲ್ಲಿ ಎಂದು ಕೇಳಿದಳು. ಇವನು ಕೈ ಚಾಚಿದ. ಅವಳು ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.