ಗುಳ್ಳೆ ಸಾಹೇಬರ ಅಹಿಂಸಾ ಶುದ್ಧೀಕರಣ

ಇನ್ನು ಮುಂದೆ ನೀರು ಶುದ್ಧೀಕರಣ ಘಟಕದಲ್ಲಿ ಲೋಳೆ ಕೊಲ್ಲುವ ವಿಷವನ್ನು ಒಂದು ತೊಟ್ಟೂ ಬಳಸಕೂಡದು! ಸೋಸುವ ಪೊರೆಗಳ ಮೇಲೆ ಲೋಳೆ ಕಟ್ಟದಂತೆ ಬರೀ ಗಾಳಿಯಿಂದಲೇ ತಡೆದು ತೋರಿಸುತ್ತೇನೆಂದು ಇಂಜಿನಿಯರ್ ಸಾಹೇಬರು ಎದೆ ತಟ್ಟಿಕೊಂಡು ಸಾರಿದ್ದರು. ಬುಡದಿಂದ ಗುಳ್ಳೆ ಬಿಟ್ಟರೆ ಅವು ಮೇಲೇರುತ್ತ ಪೊರೆಯನ್ನು ಉಜ್ಜುತ್ತವೆ, ಲೋಳೆಗೆ ಕೂರಲು ಜಾಗವೇ ಸಿಗುವುದಿಲ್ಲ ಎಂಬುದು ಅವರ ವಾದ. ಅದನ್ನು ಕೇಳಿ ಕೇಳಿ ಕಿವಿ ತೂತಾದ ಸಹೋದ್ಯೋಗಿಗಳು ಅವರಿಗೆ 'ಗುಳ್ಳೆ ಸಾಹೇಬರು' ಎಂಬ ಬಿರುದನ್ನೇ ದಯಪಾಲಿಸಿದ್ದರು.

ಮೇಲಧಿಕಾರಿಗಳಿಗೆ ಈ ಗುಳ್ಳೆ ವ್ಯವಸ್ಥೆಯ ಗಾಜಿನ ಮಾದರಿ ತೋರಿಸುವ ದಿನ ಬಂತು. ಬೆಳಿಗ್ಗೆ ಮನೆಯಲ್ಲಿ ಓಡಿಸಿ ನೋಡಿದರೆ ಮಾದರಿಯ ಪುಟ್ಟ ಗಾಳಿ ಪಂಪು ಗೊರ್ ಎಂದು ಪ್ರಾಣ ಬಿಟ್ಟಿತು! ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಸಾಹೇಬರ ಕಣ್ಣು ಹಜಾರದ ಮೂಲೆಗೆ ಹೋಯಿತು. ಅಲ್ಲಿ ಮಗಳ ಮೀನಿನ ತೊಟ್ಟಿ, ತೊಟ್ಟಿಯಲ್ಲಿ ಬುಳುಬುಳು ಗುಳ್ಳೆ! ಮಗಳು ಮಲಗಿದ್ದಳು, ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಪಂಪು ಸದ್ದಿಲ್ಲದೆ ಚೀಲ ಸೇರಿತು.

ಪ್ರದರ್ಶನ ಅಮೋಘ! ಲೋಳೆನೀರು ಸುರಿದರೂ ಪೊರೆ ಫಳಫಳ. "ನೋಡಿ, ಇದರಿಂದ ಒಂದು ಜೀವಕ್ಕೂ ತೊಂದರೆಯಿಲ್ಲ!" ಎಂದು ಸಾಹೇಬರು ಕೈ ಎತ್ತುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿದರು.

"ರೀ, ಮೀನಿನ ಪಂಪು ಎಲ್ರೀ?" ಹೆಂಡತಿಯ ದನಿ.

"ಅದು... ನನ್ನ ಹತ್ರಾನೇ ಇದೆ ಕಣೇ. ಸಂಜೆ ತರ್ತೀನಿ."

"ಸಂಜೆಗಾ? ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ! ನಿಮ್ಮ ಮಗಳು ಅಳ್ತಾ ಸ್ಟ್ರಾ ಹಾಕಿ ನೀರಿಗೆ ಊದ್ತಿದ್ದಾಳೆ. ಪಾಪ, ದಮ್ಮಿನ ಕಾಯಿಲೆಯ ಅತ್ತೆಯವರೂ ಊದ್ತಿದ್ದಾರೆ!"

ಮೇಲಧಿಕಾರಿ ಕನ್ನಡಕ ತೆಗೆದರು. "ಒಂದು ಜೀವಕ್ಕೂ ಅಂದ್ರಿ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಸಾಹೇಬರಿಗೆ. ಆ ನಾಚಿಕೆಯನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅಳುತ್ತಲೇ ಊದುವ ಮಗಳ ಮುಖ ಕಣ್ಣಿಗೆ ಕಟ್ಟಿತು. ಪಂಪು ಕಿತ್ತುಕೊಂಡು ಓಡಿದರು. ಅವರ ಬೆನ್ನ ಹಿಂದೆ ಗುಳ್ಳೆ ನಿಂತು, ಲೋಳೆ ಹಾಯಾಗಿ ಪೊರೆ ಏರಿ ಕೂತಿತು!

ಮನೆಗೆ ಬಂದಾಗ ಮೀನುಗಳು ಇನ್ನೂ ಉಸಿರಾಡುತ್ತಿದ್ದವು. ಸಾಹೇಬರ ಅಮ್ಮ ಮಾತ್ರ ಸೋಫಾದ ಮೇಲೆ ಉಸಿರಿಗೆ ಪರದಾಡುತ್ತಿದ್ದರು. ಸಾಹೇಬರು ಪಂಪು ಸಿಕ್ಕಿಸಿ, ಅಪರಾಧಿಯಂತೆ ತಲೆ ತಗ್ಗಿಸಿ ನಿಂತರು.

"ತಪ್ಪಾಯ್ತು ಪುಟ್ಟಿ. ನೀರಿಗೆ ವಿಷ ಹಾಕಬಾರದು ಅಂತಾನೇ ನಾನು..."

ಮಗಳು ಕಣ್ಣೊರೆಸಿಕೊಂಡಳು.

"ಅಪ್ಪಾ, ನೀನು ಆಫೀಸಲ್ಲಿ ವಿಷಾನೇ ಹಾಕ್ಕೋ. ನನ್ನ ಮೀನುಗಳಾದ್ರೂ ಬದುಕ್ಕೊಳ್ತವೆ!"