ಓನರ್ ತಾರಸಿಯ ಮೇಲೆ ನನ್ನ ಬದನೆ

ತಾರಸಿ ಮೇಲೆ ನಾಲ್ಕು ಬದನೆ ಗಿಡ ನೆಟ್ಟು ನೋಡಿ. ಬದನೆ ಬಿಡುತ್ತೋ ಇಲ್ಲವೋ, ತಮಾಷೆಯಂತೂ ಬುಟ್ಟಿ ತುಂಬಾ ಸಿಗುತ್ತೆ. ಕೊಡ್ಲಿಪೇಟೆ ಬಿಟ್ಟು ಕುಶಾಲನಗರಕ್ಕೆ, ಮಗಳ ಬಾಡಿಗೆ ಮನೆಗೆ ಬಂದ ಮೇಲೆ ನಾನು ಕಲಿತಿದ್ದು ಇಷ್ಟೇ. ಕೆಳಗೆ ನಾವು, ಮಹಡಿ ಮೇಲೆ ಓನರ್, ಅವರ ತಲೆ ಮೇಲೆ ನನ್ನ ತೋಟ. ಮೊದಲೇ ಹೇಳಿದ್ದರು: "ಅಜ್ಜಿ, ನಮ್ಮನೆಗೆ ಒಂದು ಹನಿ ಸೋರಿದರೂ ನಿಮ್ಮ ತೋಟ ರಸ್ತೆಗೆ."

ಮೇಷ್ಟ್ರು

ಅಳಿಯ ಎರಡು ದಿನ ತಾರಸಿ ತೋಟದ ಟ್ರೈನಿಂಗ್‌ಗೆ ಹೋಗಿಬಂದ. ಇದಕ್ಕೆ ಅರ್ಬನ್ ಫಾರ್ಮಿಂಗ್ ಅಂತಾರಂತೆ. ಐವತ್ತು ವರ್ಷ ಗದ್ದೆ ಕೆಸರಲ್ಲಿ ನಿಂತ ನನ್ನನ್ನು ಕೂರಿಸಿ, ಬೀಜ ಎಷ್ಟು ಆಳ ಹಾಕಬೇಕು ಅಂತ ಸ್ಕೇಲಿಟ್ಟು ತೋರಿಸಿದ. ಆಮೇಲೆ ದಿನಾ ಮಣ್ಣು ಕೆದಕಿ, ಮೊಳಕೆ ಬಂತಾ ನೋಡಿ, ಮತ್ತೆ ಮುಚ್ಚುತ್ತಿದ್ದ. ಹತ್ತನೇ ದಿನ, "ಅತ್ತೆ, ಬೀಜ ಸರಿ ಇಲ್ಲ" ಅಂದ.

"ಬೀಜ ಸರಿ ಇದೆಯಪ್ಪ. ನೀನು ಮಲಗಕ್ಕೆ ಬಿಟ್ಟರೆ ತಾನೆ ಅದು ಏಳೋದು?"

ವಾಸನೆ

ಬಾಳೆಲೆ ಊರಿನ ಕಡೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿರೋ ನನ್ನ ತಮ್ಮ ಒಂದು ಮೂಟೆ ಕಾಫಿ ಸಿಪ್ಪೆ ಕಳಿಸಿದ. ಸಗಣಿ ಕಲಸಿ ಮೂಲೆಯಲ್ಲಿಟ್ಟೆ. ನಾಲ್ಕೇ ದಿನಕ್ಕೆ ಓನರ್ ಮೂಗು ಹಿಡಿದು ಓಡಿಬಂದರು.

"ಅಜ್ಜಿ, ಮೇಲೆ ಏನೋ ಸತ್ತಿದೆ!"

"ಸತ್ತಿಲ್ಲ ಕಣಪ್ಪ, ಗೊಬ್ಬರ ಹುಟ್ತಾ ಇದೆ."

ಬದನೆ ಬಿಟ್ಟಾಗ ಅದೇ ಮೂಗಿನವರು ನಮ್ಮನೆ ವಾಂಗಿಬಾತ್ ತಿಂದು, "ಏನು ಘಮ ಅಜ್ಜಿ!" ಅಂದರು.

ಮಂಗ

ಕದ್ದು ತಂದ ಗಿಡ ಚೆನ್ನಾಗಿ ಹಬ್ಬುತ್ತೆ ಅನ್ನೋದು ನಮ್ಮ ಕಡೆ ಹೆಂಗಸರ ಶಾಸ್ತ್ರ. ಕೇಳಿದರೆ ಕೊಡ್ತೀನಿ, ಆದರೆ ಕೇಳಿದರೆ ಶಾಸ್ತ್ರ ಕೆಡುತ್ತಲ್ಲ! ನನ್ನ ದೊಡ್ಡಪತ್ರೆ, ಬಸಳೆ ಕುಡಿ ದಿನಕ್ಕೊಂದು ಮಾಯ. ಓನರ್ ಹೆಂಡತಿಗೆ ಹೇಳಿದೆ. "ಅಯ್ಯೋ, ಮಂಗ ಇರಬೇಕು ಅಜ್ಜಿ" ಅಂದಳು.

ಇರಬಹುದು. ಕತ್ತರಿ ಹಿಡಿದು ಓರೆಯಾಗಿ ಕತ್ತರಿಸೋ ಮಂಗವನ್ನ ನಾನಂತೂ ತಿತಿಮತಿ ಕಾಡಲ್ಲೂ ನೋಡಿಲ್ಲ.

ಸೋರಿತು

ಮಳೆಗಾಲಕ್ಕೆ ಮುಂಚೆಯೇ ಓನರ್ ಅಡುಗೆಮನೆ ಸೋರಿತು. "ನಾಳೆಯೇ ತೋಟ ಖಾಲಿ!" ಅಂತ ಗುಡುಗುತ್ತಾ ತಾರಸಿ ಹತ್ತಿದರು. ನಾನೂ ಹತ್ತಿದೆ. ನೋಡಿದರೆ ನನ್ನ ಗಿಡದ ಚಟ್ಟಿಗಳೆಲ್ಲ ಇಟ್ಟಿಗೆ ಮೇಲೆ, ಅಡಿಯಲ್ಲಿ ನೆಲ ಒಣಗಿದೆ. ನೀರಿನ ಜಾಡು ಹಿಡಿದು ಹೋದೆವು. ಟ್ಯಾಂಕ್ ಹಿಂದೆ ಒಡಕಲು ಡಬ್ಬಗಳ ಸಾಲು, ಅದರೊಳಗೆ ನನ್ನ ದೊಡ್ಡಪತ್ರೆ, ನನ್ನ ಬಸಳೆ. ಶಾಸ್ತ್ರ ಸುಳ್ಳಲ್ಲ, ಸೊಂಪಾಗಿ ಹಬ್ಬಿದ್ದವು. ಕೆಳಗೆ ಕೆರೆಯ ಹಾಗೆ ನೀರು.

"ಇದೂ ನಿಮ್ಮದೇ ತಾನೆ?" ಅಂದರು. ಹಿಂದೆಯೇ ಬಂದಿದ್ದ ಹೆಂಡತಿ ಆಕಾಶ ನೋಡುತ್ತಿದ್ದಳು.

"ಅಲ್ಲಪ್ಪ, ಮಂಗನ ತೋಟ. ನಾಳೆಯೇ ರಸ್ತೆಗೆ ಹಾಕಿಸಿ."

"ರಸ್ತೆಗೆ ಹಾಕಿದರೆ ನೋಡಿ ಮತ್ತೆ!" ಅಂತ ಮಂಗವೇ ಹಾರಿಬಿತ್ತು.

ಮಾರನೇ ದಿನ ಓನರ್ ಮತ್ತೆ ತಾರಸಿ ಹತ್ತಿದ್ದು ನಿಜ. ಹೆಂಡತಿಯ ಡಬ್ಬಗಳಿಗೆ ಇಟ್ಟಿಗೆ ಹೊತ್ತುಕೊಂಡು.